ತನ್ನ ಕೆಲಸವನ್ನು ತಾನೇ ತಿದ್ದುವ ಏಜೆಂಟ್: ಸರಿ ಎಂದು ಹೇಳುವವರು ಯಾರು?

ಎಲ್ಲರಿಗೂ ನಮಸ್ಕಾರ.

ಪೀಠಿಕೆ ಬೇಡ, ನೇರವಾಗಿ ಒಂದು ಪ್ರಯೋಗದ ವಿಷಯ ಹೇಳುತ್ತೇನೆ. 2023ರ ಅಕ್ಟೋಬರ್‌ನಲ್ಲಿ ಗೂಗಲ್ ಡೀಪ್‌ಮೈಂಡ್ ಮತ್ತು ಇಲಿನಾಯ್ ವಿಶ್ವವಿದ್ಯಾಲಯದ ಕೆಲವು ಸಂಶೋಧಕರು ಒಂದು ಪ್ರಬಂಧ ಹೊರತಂದರು. ಅವರು ಮಾಡಿದ್ದು ಇಷ್ಟೇ. ಚಾಟ್‌ಜಿಪಿಟಿಯಂಥವುಗಳ ಹಿಂದಿರುವ ಭಾಷಾ ಮಾದರಿಗೆ ಶಾಲಾ ಮಟ್ಟದ ಲೆಕ್ಕಗಳನ್ನು ಕೊಟ್ಟರು. ಅದು ಉತ್ತರ ಹೇಳಿತು. ಆಮೇಲೆ ‘ನಿನ್ನ ಉತ್ತರವನ್ನು ಇನ್ನೊಮ್ಮೆ ನೋಡು, ತಪ್ಪು ಹುಡುಕು, ತಿದ್ದಿ ಬರೆ’ ಎಂದರು. ಉತ್ತರ ಸರಿಯೋ ತಪ್ಪೋ ಎಂಬ ಸುಳಿವು ಮಾತ್ರ ಕೊಡಲಿಲ್ಲ.

ಎರಡನೇ ಸಲ ನೋಡಿದರೆ ಸುಧಾರಿಸಬೇಕು, ಅಲ್ವಾ? ಹಾಗಾಗಲಿಲ್ಲ. ಓಪನ್‌ಎಐ ಕಂಪನಿಯ ಜಿಪಿಟಿ-3.5 ಮಾದರಿ ಮೊದಲ ಸಲ ನೂರಕ್ಕೆ 75.9 ಲೆಕ್ಕ ಸರಿ ಮಾಡಿತ್ತು. ಒಂದು ಸಲ ತಿದ್ದಿದ ಮೇಲೆ 75.1ಕ್ಕೆ ಇಳಿಯಿತು. ಇನ್ನೊಂದು ಸಲ ತಿದ್ದಿದಾಗ 74.7. ಜಿಪಿಟಿ-4 ಇನ್ನೂ ಜಾಸ್ತಿ ಜಾರಿತು: 95.5ರಿಂದ 91.5ಕ್ಕೆ, ಅಲ್ಲಿಂದ 89ಕ್ಕೆ. ಕಾಮನ್ ಸೆನ್ಸ್ ಪರೀಕ್ಷಿಸುವ ಬಹು ಆಯ್ಕೆ ಪ್ರಶ್ನೆಗಳಲ್ಲಿ ಜಿಪಿಟಿ-3.5ರ ಅಂಕ 75.8ರಿಂದ ಒಂದೇ ಸಲಕ್ಕೆ 38.1ಕ್ಕೆ ಬಿತ್ತು. ಅಂದರೆ ಅರ್ಧದಷ್ಟು.

ಇದಾಗಿದ್ದು ಹೇಗೆ? ‘ತಪ್ಪು ಹುಡುಕು’ ಎನ್ನುವ ಮಾತಿನಲ್ಲೇ ತಪ್ಪಿದೆ ಎಂಬ ಸೂಚನೆ ಇದೆ. ಮಾದರಿಗೆ ತನ್ನ ಉತ್ತರ ಸರಿ ಎಂದು ಗಟ್ಟಿಯಾಗಿ ಹೇಳಲು ಆಧಾರ ಇಲ್ಲ, ತಪ್ಪು ಎನ್ನಲೂ ಆಧಾರ ಇಲ್ಲ. ಬಹಳ ಸಲ ಅದು ಮೊದಲಿನ ಉತ್ತರವನ್ನೇ ಉಳಿಸಿಕೊಂಡಿತು. ಬದಲಾಯಿಸಿದಾಗ, ತಪ್ಪನ್ನು ಸರಿ ಮಾಡಿದ್ದಕ್ಕಿಂತ ಸರಿಯನ್ನು ತಪ್ಪು ಮಾಡಿದ್ದೇ ಹೆಚ್ಚು. ಹಿಂದಿನ ಕೆಲವು ಪ್ರಬಂಧಗಳಲ್ಲಿ ಸ್ವಯಂ ತಿದ್ದುಪಡಿ ಚೆನ್ನಾಗಿ ಫಲ ಕೊಟ್ಟಂತೆ ಕಂಡದ್ದೇಕೆ ಎಂಬುದನ್ನೂ ಇವರು ಹುಡುಕಿದರು. ಅಲ್ಲಿ ಉತ್ತರ ಸರಿಯಾದ ಕೂಡಲೇ ತಿದ್ದುವುದನ್ನು ನಿಲ್ಲಿಸುತ್ತಿದ್ದರು. ಸರಿಯಾಯಿತು ಎಂದು ಗೊತ್ತಾಗುತ್ತಿದ್ದದ್ದು ಹೇಗೆ? ಸರಿ ಉತ್ತರ ಮೊದಲೇ ಕೈಯಲ್ಲಿತ್ತು!

ಇವತ್ತು ಎಐ ಏಜೆಂಟ್‌ಗಳ ಬಗ್ಗೆ ಮಾತಾಡುವವರೆಲ್ಲ ‘ಅದು ತನ್ನ ಕೆಲಸವನ್ನು ತಾನೇ ಪರಿಶೀಲಿಸಿಕೊಳ್ಳುತ್ತದೆ’ ಎನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಈ ಪ್ರಯೋಗ ನೆನಪಾಗುತ್ತದೆ. ಪರಿಶೀಲನೆ ಎಂದರೆ ಯಾವುದರ ಜೊತೆ ಹೋಲಿಸಿ ನೋಡುವುದು? ‘ಸರಿ’ ಎನ್ನುವ ಮಾತು ಎಲ್ಲಿಂದ ಬರುತ್ತದೆ? ಮಾದರಿಯ ಒಳಗಿಂದಲೇ ಬಂದರೆ ಅದರ ಬೆಲೆ ಕಡಿಮೆ. ಹೊರಗಿಂದ ಏನಾದರೂ ಉತ್ತರ ಕೊಟ್ಟಾಗ ಮಾತ್ರ ಕೆಲಸ ನಿಜವಾಗಿ ಸುಧಾರಿಸುತ್ತದೆ. ನಾನು ಹೇಳಬೇಕೆಂದು ಬಂದಿರುವುದು ಇದನ್ನೇ. ಇದು ಎಲ್ಲಿ ನಿಜ, ಎಲ್ಲಿ ಮೋಸ ಹೋಗಬಹುದು ಎನ್ನುವುದನ್ನು ಬಿಡಿಸಿ ನೋಡೋಣ.

ಏಜೆಂಟ್ ಎಂದರೆ ಏನು ಎಂಬುದನ್ನು ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಚಾಟ್‌ಬಾಟ್ ನಿಮ್ಮ ಪ್ರಶ್ನೆಗೆ ಒಂದು ಉತ್ತರ ಬರೆದು ಸುಮ್ಮನಾಗುತ್ತದೆ. ಏಜೆಂಟ್‌ಗೆ ಒಂದು ಗುರಿ ಇರುತ್ತದೆ, ಕೈಯಲ್ಲಿ ಕೆಲವು ಟೂಲ್‌ಗಳಿರುತ್ತವೆ. ಫೈಲ್ ಓದಬಹುದು, ಬದಲಾಯಿಸಬಹುದು, ಪ್ರೋಗ್ರಾಂ ರನ್ ಮಾಡಬಹುದು, ಇಂಟರ್‌ನೆಟ್‌ನಲ್ಲಿ ಹುಡುಕಬಹುದು. ಒಂದು ಹೆಜ್ಜೆ ಇಡುತ್ತದೆ, ಏನಾಯಿತೆಂದು ನೋಡುತ್ತದೆ, ಮುಂದಿನ ಹೆಜ್ಜೆ ಯೋಚಿಸುತ್ತದೆ. ಗುರಿ ಮುಟ್ಟಿತು ಅನ್ನಿಸುವವರೆಗೆ ಈ ಸುತ್ತು ನಡೆಯುತ್ತದೆ. ಪರಿಶೀಲನೆ ಎನ್ನುವುದು ಈ ಸುತ್ತಿನೊಳಗೆ ಎಲ್ಲಾದರೂ ಸೇರಿಕೊಳ್ಳಬೇಕು.

ಮೊದಲು ಬಂದದ್ದು ಅತಿ ಸರಳವಾದ ದಾರಿ. 2023ರ ಮಾರ್ಚ್‌ನಲ್ಲಿ ಸೆಲ್ಫ್-ರಿಫೈನ್ ಎಂಬ ಕೆಲಸ ಪ್ರಕಟವಾಯಿತು. ಒಂದೇ ಮಾದರಿ ಮೂರು ಕೆಲಸ ಮಾಡುತ್ತದೆ. ಬರೆಯುತ್ತದೆ, ಬರೆದದ್ದರ ಮೇಲೆ ಟಿಪ್ಪಣಿ ಮಾಡುತ್ತದೆ, ಟಿಪ್ಪಣಿ ನೋಡಿಕೊಂಡು ತಿದ್ದುತ್ತದೆ. ಏಳು ಬಗೆಯ ಕೆಲಸಗಳಲ್ಲಿ ಪರೀಕ್ಷಿಸಿದರು. ಸರಾಸರಿ ಸುಮಾರು 20 ಅಂಕದಷ್ಟು ಸುಧಾರಣೆ ಕಂಡಿತು. ಸಂಭಾಷಣೆಯ ಉತ್ತರ ಇನ್ನೂ ಚೆನ್ನಾಗಾಯಿತು. ಕೋಡ್ ಓದಲು ಸುಲಭವಾಯಿತು. ಕೊಟ್ಟ ಪದಗಳನ್ನೆಲ್ಲ ಬಳಸಿ ವಾಕ್ಯ ಮಾಡು ಎಂದರೆ ಬಿಟ್ಟುಹೋದ ಪದ ಸೇರಿಕೊಂಡಿತು.

ಆದರೆ ಗಣಿತದಲ್ಲಿ? ಹೆಚ್ಚುಕಡಿಮೆ ಏನೂ ಆಗಲಿಲ್ಲ. ಗಣಿತದ ಉತ್ತರಗಳ ಮೇಲೆ ಚಾಟ್‌ಜಿಪಿಟಿ ಬರೆದ ಟಿಪ್ಪಣಿಗಳಲ್ಲಿ ನೂರಕ್ಕೆ 94ರಷ್ಟು ‘ಎಲ್ಲ ಸರಿಯಿದೆ’ ಎನ್ನುವಂಥವು.

ಈ ಎರಡು ಫಲಿತಾಂಶಗಳು ಒಂದಕ್ಕೊಂದು ವಿರುದ್ಧ ಎಂದು ಕೆಲವರು ವಾದ ಮಾಡಿದ್ದುಂಟು. ನನಗೆ ಹಾಗೆ ಕಾಣುವುದಿಲ್ಲ. ಕೊಟ್ಟ ಹತ್ತು ಪದಗಳಲ್ಲಿ ಯಾವುದು ಬಿಟ್ಟುಹೋಗಿದೆ ಎಂದು ನೋಡುವುದು, ಆ ಹತ್ತೂ ಪದ ಇಟ್ಟು ಒಳ್ಳೆಯ ವಾಕ್ಯ ಬರೆಯುವುದಕ್ಕಿಂತ ಬಹಳ ಸುಲಭ. ಪಟ್ಟಿ ಕಣ್ಣೆದುರಿಗೇ ಇದೆ. ಆ ಪಟ್ಟಿಯೇ ಹೊರಗಿನ ಸಾಕ್ಷಿ. ಲೆಕ್ಕದಲ್ಲಿ ಹಾಗಿಲ್ಲ. ಎಲ್ಲಿ ತಪ್ಪಿದೆ ಎಂದು ಕಂಡುಹಿಡಿಯಬೇಕಾದರೆ ಲೆಕ್ಕವನ್ನೇ ಮತ್ತೆ ಮಾಡಬೇಕು. ಮೊದಲ ಸಲ ಎಡವಿದ ಕಡೆಯೇ ಎರಡನೇ ಸಲವೂ ಎಡವುವ ಸಾಧ್ಯತೆ ಜಾಸ್ತಿ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಭಾಷಾ ಮಾದರಿ ಮುಂದಿನ ಪದವನ್ನು ಆರಿಸುವುದು ಹಿಂದೆ ಬರೆದ ಪದಗಳನ್ನು ನೋಡಿಕೊಂಡು. ಪರಿಶೀಲಿಸಲು ಕೂತಾಗ ಅದರ ಮುಂದೆ ಏನಿರುತ್ತದೆ? ತಾನೇ ಬರೆದ ಕರಡು. ಆ ಕರಡು ಅದನ್ನು ತನ್ನ ಕಡೆಗೇ ಎಳೆಯುತ್ತದೆ. ಅಚ್ಚಿಗೆ ಹೋಗುವ ಲೇಖನದ ಪ್ರೂಫ್ ಅನ್ನು ಬರೆದವರೇ ನೋಡಿದರೆ ಎಷ್ಟೋ ತಪ್ಪುಗಳು ತಪ್ಪಿಸಿಕೊಂಡು ಹೋಗುತ್ತವೆ. ಕಣ್ಣು ಓದುವುದು ಹಾಳೆಯಲ್ಲಿರುವುದನ್ನಲ್ಲ, ಮನಸ್ಸಿನಲ್ಲಿರುವುದನ್ನು. ಮಾದರಿಯ ಕಥೆಯೂ ಸುಮಾರಾಗಿ ಹೀಗೆಯೇ.

ಇದನ್ನು ಚೆನ್ನಾಗಿ ತೋರಿಸಿದ ಒಂದು ಕೆಲಸ ಮೆಟಾ ಕಂಪನಿಯ ಸಂಶೋಧಕರದು, 2023ರದ್ದೇ. ನನಗೆ ತುಂಬ ಇಷ್ಟವಾದ ಪ್ರಯೋಗ ಇದು. ಮಾದರಿಗೆ ‘ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಕೆಲವು ರಾಜಕಾರಣಿಗಳ ಹೆಸರು ಹೇಳು’ ಎಂದರು. ಅದು ಹಿಲರಿ ಕ್ಲಿಂಟನ್, ಡೊನಾಲ್ಡ್ ಟ್ರಂಪ್, ಮೈಕೆಲ್ ಬ್ಲೂಮ್‌ಬರ್ಗ್ ಎಂದು ಪಟ್ಟಿ ಕೊಟ್ಟಿತು. ಟ್ರಂಪ್ ಸರಿ. ಉಳಿದಿಬ್ಬರು ನ್ಯೂಯಾರ್ಕ್ ರಾಜಕೀಯದಲ್ಲಿ ಹೆಸರು ಮಾಡಿದವರು, ಹುಟ್ಟಿದ್ದು ಅಲ್ಲಲ್ಲ. ಈಗ ಅದೇ ಮಾದರಿಗೆ, ಆ ಪಟ್ಟಿ ತೋರಿಸದೆ, ‘ಹಿಲರಿ ಕ್ಲಿಂಟನ್ ಹುಟ್ಟಿದ್ದು ಎಲ್ಲಿ?’ ಎಂದು ಬಿಡಿಯಾಗಿ ಕೇಳಿದರು. ‘ಶಿಕಾಗೊ’ ಎಂದಿತು. ಬ್ಲೂಮ್‌ಬರ್ಗ್? ‘ಬಾಸ್ಟನ್’. ಎರಡೂ ಸರಿ!

ಅಂದರೆ ಸರಿಯಾದ ವಿಷಯ ಮಾದರಿಗೆ ಗೊತ್ತಿತ್ತು. ಪಟ್ಟಿ ಬರೆಯುವ ಓಟದಲ್ಲಿ ಅದು ಮೇಲೆ ಬರಲಿಲ್ಲ ಅಷ್ಟೇ. ಹಾಗಾಗಿ ಅವರು ಒಂದು ವಿಧಾನ ಮಾಡಿದರು. ಮೊದಲು ಕರಡು ಬರೆಸು. ಆ ಕರಡಿನಲ್ಲಿರುವ ಪ್ರತಿ ಸಂಗತಿಗೂ ಒಂದೊಂದು ಪ್ರಶ್ನೆ ತಯಾರಿಸು. ಕರಡನ್ನು ಬದಿಗಿಟ್ಟು ಆ ಪ್ರಶ್ನೆಗಳಿಗೆ ಉತ್ತರ ತೆಗೆದುಕೋ. ಕೊನೆಗೆ ಎರಡನ್ನೂ ಹೋಲಿಸಿ ತಿದ್ದು. ಕರಡನ್ನು ಮುಂದಿಟ್ಟುಕೊಂಡೇ ಪ್ರಶ್ನೆಗಳಿಗೆ ಉತ್ತರಿಸಿದರೆ ಅದೇ ತಪ್ಪು ಮರುಕಳಿಸುತ್ತಿತ್ತು. ಬದಿಗಿಟ್ಟಾಗ ಫಲಿತಾಂಶ ಚೆನ್ನಾಗಿತ್ತು. ಇವತ್ತಿನ ಏಜೆಂಟ್‌ಗಳಲ್ಲಿ ಪರಿಶೀಲನೆಗೆ ಇನ್ನೊಂದು ಏಜೆಂಟನ್ನು ಖಾಲಿ ಸಂದರ್ಭದೊಂದಿಗೆ ಶುರು ಮಾಡುವ ಅಭ್ಯಾಸ ಇದೆಯಲ್ಲ, ಅದರ ಹಿಂದಿನ ತರ್ಕವೂ ಇದೇ. ಹಳೆಯ ಮಾತುಕತೆಯ ಹೊರೆ ಅದಕ್ಕಿರುವುದಿಲ್ಲ.

ಆದರೂ ಇದಕ್ಕೊಂದು ಮಿತಿ ಇದೆ. ಮಾದರಿಗೆ ಗೊತ್ತೇ ಇಲ್ಲದ ವಿಷಯವನ್ನು ಎಷ್ಟು ಬಿಡಿಬಿಡಿಯಾಗಿ ಕೇಳಿದರೂ ಬರುವುದಿಲ್ಲ. ಆಗ ಹೊರಗೆ ಹೋಗಲೇಬೇಕು.

ಹೊರಗೆ ಹೋಗುವುದು ಅತಿ ಸಲೀಸಾಗಿರುವ ಕ್ಷೇತ್ರ ಯಾವುದು? ಪ್ರೋಗ್ರಾಮಿಂಗ್. ಏಜೆಂಟ್‌ಗಳು ಎಲ್ಲಕ್ಕಿಂತ ಮೊದಲು ಅಲ್ಲಿ ಬೇರು ಬಿಟ್ಟದ್ದು ಆಕಸ್ಮಿಕ ಅಲ್ಲ. ಕೋಡ್ ಬರೆದ ಮೇಲೆ ರನ್ ಮಾಡಬಹುದು. ಕೋಡನ್ನು ಯಂತ್ರಕ್ಕೆ ಅರ್ಥವಾಗುವಂತೆ ಮಾರ್ಪಡಿಸುವ ಕಂಪೈಲರ್ ಯಾರ ಮುಲಾಜಿಗೂ ಒಳಗಾಗುವುದಿಲ್ಲ. ಎರರ್ ಬಂದರೆ ಯಾವ ಫೈಲ್, ಯಾವ ಸಾಲು ಎಂದು ಬರೆದು ಕೊಡುತ್ತದೆ.

2023ರಲ್ಲಿ ಪ್ರಿನ್ಸ್‌ಟನ್‌ನ ತಂಡವೊಂದು ಸ್ವೀ-ಬೆಂಚ್ ಎಂಬ ಪರೀಕ್ಷೆ ಸಿದ್ಧಮಾಡಿತು. ಜಾಂಗೊ, ಮ್ಯಾಟ್‌ಪ್ಲಾಟ್‌ಲಿಬ್, ಸೈಕಿಟ್-ಲರ್ನ್ ಮುಂತಾದ 12 ಪೈಥಾನ್ ಯೋಜನೆಗಳಿಂದ 2,294 ನಿಜವಾದ ಸಮಸ್ಯೆಗಳನ್ನು ಆರಿಸಿದರು. ಜನ ನಿಜವಾಗಿ ದೂರು ಕೊಟ್ಟ, ಪ್ರೋಗ್ರಾಮರ್‌ಗಳು ನಿಜವಾಗಿ ಸರಿಪಡಿಸಿದ ಬಗ್‌ಗಳು. ಅಂಕ ಕೊಡುವ ರೀತಿ ನೋಡಿ. ಕೋಡ್ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ನೋಡುವ ಸಣ್ಣ ಪ್ರೋಗ್ರಾಂಗಳು, ಅಂದರೆ ಟೆಸ್ಟ್‌ಗಳು, ಎರಡು ಬಗೆಯವು ಇರುತ್ತವೆ. ಮೊದಲು ಫೇಲ್ ಆಗುತ್ತಿದ್ದವು ಈಗ ಪಾಸ್ ಆಗಬೇಕು. ಮೊದಲು ಪಾಸ್ ಆಗುತ್ತಿದ್ದವು ಈಗಲೂ ಪಾಸ್ ಆಗಬೇಕು. ಎರಡನೆಯದು ಬಹಳ ಮುಖ್ಯ. ಒಂದು ತೂತು ಮುಚ್ಚುವಾಗ ಇನ್ನೊಂದು ತೆರೆಯಬಾರದಲ್ಲ.

ಮೊದಲ ಪ್ರಬಂಧದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಮಾಡಿದ ಮಾದರಿ ಕ್ಲಾಡ್ 2. ಅದು ಬಿಡಿಸಿದ್ದು ನೂರಕ್ಕೆ 1.96 ಮಾತ್ರ. 2025ರ ಹೊತ್ತಿಗೆ, ಅದರಿಂದ ಜಾಲಿಸಿ ತೆಗೆದ 500 ಸಮಸ್ಯೆಗಳ ಗುಂಪಿನಲ್ಲಿ, ಒಳ್ಳೆಯ ಏಜೆಂಟ್‌ಗಳು ನೂರಕ್ಕೆ 70 ದಾಟಿದವು. ಎರಡೂ ಒಂದೇ ಪ್ರಶ್ನೆಪತ್ರಿಕೆ ಅಲ್ಲ, ಹಾಗಾಗಿ ನೇರ ಹೋಲಿಕೆ ಬೇಡ. ಆದರೂ ದೂರ ಬಹಳ ಕ್ರಮಿಸಿದ್ದು ನಿಜ. ಮಾದರಿಗಳು ಬಲವಾದದ್ದು ಒಂದು ಕಾರಣ. ಇನ್ನೊಂದು ಕಾರಣ, ಕೆಲಸ ಮಾಡುವ ರೀತಿ ಬದಲಾಗಿದ್ದು. ಮೊದಲು ಮಾದರಿ ಒಂದೇ ಉಸಿರಿಗೆ ತಿದ್ದುಪಡಿ ಬರೆದು ಕೊಡಬೇಕಿತ್ತು. ಈಗ ಏಜೆಂಟ್ ಕೋಡ್ ಒಳಗೆ ಓಡಾಡಿ, ರನ್ ಮಾಡಿ, ಬಂದ ಎರರ್ ಓದಿ, ಮತ್ತೆ ತಿದ್ದುತ್ತದೆ.

ಇದರಲ್ಲಿ ಒಂದು ಹೆಜ್ಜೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಒಳ್ಳೆಯ ಏಜೆಂಟ್ ಬಗ್ ಸರಿಪಡಿಸುವ ಮೊದಲು ಅದನ್ನು ತಾನೇ ಉಂಟುಮಾಡಿ ನೋಡುತ್ತದೆ. ದೂರಿನಲ್ಲಿ ಹೇಳಿದ ಪರಿಸ್ಥಿತಿಯನ್ನು ಸಣ್ಣ ಪ್ರೋಗ್ರಾಂ ಆಗಿ ಬರೆದು, ರನ್ ಮಾಡಿ, ಅದು ಮುರಿಯುವುದನ್ನು ಕಾಣುತ್ತದೆ. ಆಮೇಲೆ ತಿದ್ದುತ್ತದೆ. ಮತ್ತೆ ಅದೇ ಸಣ್ಣ ಪ್ರೋಗ್ರಾಂ ರನ್ ಮಾಡಿ, ಈಗ ಮುರಿಯದಿರುವುದನ್ನು ಕಾಣುತ್ತದೆ. ಮೊದಲ ಭಾಗ ಬಿಟ್ಟು ಬರೀ ಎರಡನೆಯದು ಮಾಡಿದರೆ ಏನೂ ಸಾಬೀತಾಗುವುದಿಲ್ಲ. ಎಂದೂ ಫೇಲ್ ಆಗದ ಟೆಸ್ಟ್ ಪಾಸ್ ಆಯಿತು ಎಂದರೆ ಅದರಿಂದ ನಮಗೆ ತಿಳಿದದ್ದೇನು? ಏಜೆಂಟ್ ಕೊಟ್ಟ ಲಾಗ್, ಅಂದರೆ ಕೆಲಸದ ದಾಖಲೆ, ಓದುವಾಗ ನಾನು ಮೊದಲು ಹುಡುಕುವುದು ಇದನ್ನೇ. ಮೊದಲು ಫೇಲ್ ಎಂಬ ಕೆಂಪು ಗುರುತು ಬಂದದ್ದು ಕಾಣುತ್ತದೆಯೇ, ಆಮೇಲೆ ಪಾಸ್ ಎಂಬ ಹಸಿರು ಬಂದದ್ದು ಕಾಣುತ್ತದೆಯೇ?

ಸರಿ, ಟೆಸ್ಟ್ ಪಾಸ್ ಆದರೆ ಮುಗಿಯಿತೇ? ಒಂದು ಸಣ್ಣ ಉದಾಹರಣೆ ಊಹಿಸಿಕೊಳ್ಳಿ. ತರಗತಿಯ ಅಂಕಗಳ ಸರಾಸರಿ ಲೆಕ್ಕ ಹಾಕುವ ಪ್ರೋಗ್ರಾಂ ಇದೆ. ಯಾರೂ ಪರೀಕ್ಷೆ ಬರೆಯದ ವಿಷಯ ಬಂದರೆ ಅದು ಸೊನ್ನೆಯಿಂದ ಭಾಗಿಸಲು ಹೋಗಿ ನಿಂತುಬಿಡುತ್ತದೆ. ಏಜೆಂಟ್‌ಗೆ ‘ಸರಿಪಡಿಸು’ ಎಂದಿರಿ. ಅದು ‘ಪಟ್ಟಿ ಖಾಲಿಯಿದ್ದರೆ ಸೊನ್ನೆ ಕೊಡು’ ಎಂದು ಒಂದು ಸಾಲು ಸೇರಿಸಿತು. ರನ್ ಮಾಡಿತು. ಎರರ್ ಇಲ್ಲ. ‘ಮುಗಿಯಿತು’ ಎಂದಿತು. ಆದರೆ ಯಾರೂ ಬರೆಯದ ಪರೀಕ್ಷೆಯ ಸರಾಸರಿ ಸೊನ್ನೆಯೇ? ವರದಿಯಲ್ಲಿ ಆ ವಿಷಯದ ಮುಂದೆ ಸೊನ್ನೆ ಕಂಡರೆ, ಎಲ್ಲರೂ ಸೊನ್ನೆ ತೆಗೆದುಕೊಂಡರು ಅಂತ ಓದುವವರು ತಿಳಿಯುತ್ತಾರೆ. ಪ್ರೋಗ್ರಾಂ ಮೊದಲು ನಿಂತುಹೋಗಿ ತೊಂದರೆ ಇದೆ ಎಂದಾದರೂ ಹೇಳುತ್ತಿತ್ತು. ಈಗ ತಪ್ಪು ಅಂಕಿ ಸದ್ದಿಲ್ಲದೆ ಮುಂದಕ್ಕೆ ಹೋಗುತ್ತದೆ. ಟೆಸ್ಟ್ ಕೇಳಿದ್ದು ‘ನಿಲ್ಲುತ್ತದೆಯೇ?’ ಎಂದು ಮಾತ್ರ. ‘ಅರ್ಥ ಸರಿಯಿದೆಯೇ?’ ಎಂದು ಯಾರೂ ಕೇಳಿರಲಿಲ್ಲ.

ಹಾಗಾದರೆ ಟೆಸ್ಟ್‌ಗಳನ್ನೂ ಏಜೆಂಟೇ ಬರೆಯಲಿ ಎಂದರೆ? ಅದನ್ನೂ ಮಾಡಿ ನೋಡಿದ್ದಾರೆ. 2023ರ ರಿಫ್ಲೆಕ್ಷನ್ ಎಂಬ ಕೆಲಸದಲ್ಲಿ ಏಜೆಂಟ್ ಕೋಡ್ ಬರೆದು, ತಾನೇ ಟೆಸ್ಟ್ ಬರೆದು, ಫೇಲ್ ಆದರೆ ‘ಏಕೆ ಫೇಲ್ ಆಯಿತು, ಮುಂದಿನ ಸಲ ಏನು ಗಮನಿಸಬೇಕು’ ಎಂದು ತನಗೇ ಒಂದು ಟಿಪ್ಪಣಿ ಬರೆದಿಟ್ಟುಕೊಂಡು, ಅದನ್ನು ಓದಿ ಮತ್ತೆ ಪ್ರಯತ್ನಿಸುತ್ತಿತ್ತು. ಮಾದರಿಗೆ ಹೊಸ ತರಬೇತಿ ಇಲ್ಲ. ಟಿಪ್ಪಣಿಯೇ ನೆನಪು. ಹ್ಯೂಮನ್‌ಇವ್ಯಾಲ್ ಎಂಬ, ಕೋಡ್ ಬರೆಯುವ 164 ಪ್ರಶ್ನೆಗಳ ಪರೀಕ್ಷೆಯಲ್ಲಿ ಜಿಪಿಟಿ-4 ಒಂಟಿಯಾಗಿ ನೂರಕ್ಕೆ 80 ತೆಗೆದುಕೊಂಡಿತ್ತು, ಈ ವಿಧಾನದಿಂದ 91 ಆಯಿತು. ಎಲ್ಲರೂ ಈ 91ನ್ನೇ ಹೇಳುತ್ತಾರೆ. ಅದೇ ಪ್ರಬಂಧದ ಇನ್ನೊಂದು ಅಂಕಿ ನನಗೆ ಹೆಚ್ಚು ಪಾಠ ಕಲಿಸಿತು. ಎಂಬಿಪಿಪಿ ಎಂಬ ಬೇರೊಂದು ಪರೀಕ್ಷೆಯ ಪೈಥಾನ್ ಪ್ರಶ್ನೆಗಳಲ್ಲಿ ಇದೇ ವಿಧಾನದಿಂದ ಅಂಕ 80.1ರಿಂದ 77.1ಕ್ಕೆ ಇಳಿಯಿತು. ಕಾರಣವನ್ನೂ ಅವರೇ ಹುಡುಕಿ ಬರೆದಿದ್ದಾರೆ. ಅಲ್ಲಿ ಏಜೆಂಟ್ ಬರೆದ ಟೆಸ್ಟ್‌ಗಳು ಸಡಿಲವಾಗಿದ್ದವು. ತಪ್ಪು ಕೋಡನ್ನೂ ಅವು ಪಾಸ್ ಮಾಡುತ್ತಿದ್ದವು. ಹ್ಯೂಮನ್‌ಇವ್ಯಾಲ್‌ನಲ್ಲಿ ಹಾಗಾದದ್ದು ನೂರಕ್ಕೆ 1.4, ಇಲ್ಲಿ 16.3. ವಿಧಾನ ಒಂದೇ, ಮಾದರಿ ಒಂದೇ. ಬೇರೆಯಾದದ್ದು ಅಳತೆಗೋಲು.

ಫಲಿತಾಂಶ ತಮಗೆ ಅನುಕೂಲವಲ್ಲದಿದ್ದರೂ ಅದನ್ನು ಮುಚ್ಚಿಡದೆ ಕಾರಣದ ಸಮೇತ ಪ್ರಕಟಿಸಿದ್ದಾರೆ ನೋಡಿ, ಇಂಥವರ ಮೇಲೆ ನನಗೆ ಗೌರವ.

ಪರಿಶೀಲನೆ ಸರಿಯಾಗಿ ಕೂತಾಗ ಎಷ್ಟು ವ್ಯತ್ಯಾಸ ಆಗುತ್ತದೆ ಎನ್ನುವುದಕ್ಕೆ ವಾಯೇಜರ್ ಒಳ್ಳೆಯ ಸಾಕ್ಷಿ. ಅದೂ 2023ರದ್ದೇ. ಮೈನ್‌ಕ್ರಾಫ್ಟ್ ಆಟವನ್ನು ತಾನೇ ಕಲಿಯುತ್ತಾ ಹೋಗುವ ಏಜೆಂಟ್. ಪ್ರತಿ ಕೆಲಸ ಆದಮೇಲೆ, ಆಟದಲ್ಲಿ ಈಗ ತನ್ನ ಬಳಿ ಏನೇನಿದೆ ಎಂದು ನೋಡಿ, ಕೆಲಸ ನಿಜವಾಗಿ ಆಯಿತೇ ಎಂದು ಪರೀಕ್ಷಿಸುವ ಒಂದು ಭಾಗ ಅದರಲ್ಲಿತ್ತು. ಆಗಿದ್ದರೆ ಮಾತ್ರ ಆ ಕೋಡನ್ನು ‘ಕಲಿತ ವಿದ್ಯೆ’ ಎಂದು ಕಾಪಿಟ್ಟುಕೊಳ್ಳುತ್ತಿತ್ತು. ಆ ಒಂದು ಭಾಗವನ್ನು ತೆಗೆದುಹಾಕಿದಾಗ, ಏಜೆಂಟ್ ಕಂಡುಹಿಡಿಯುವ ವಸ್ತುಗಳ ಸಂಖ್ಯೆ ನೂರಕ್ಕೆ 73ರಷ್ಟು ಕುಸಿಯಿತು. ಇಲ್ಲೂ ಪರೀಕ್ಷಿಸುವುದು ಅದೇ ಜಿಪಿಟಿ-4. ಆದರೆ ಅದು ನೋಡುತ್ತಿದ್ದದ್ದು ತನ್ನ ಮಾತನ್ನಲ್ಲ, ಆಟದ ಸ್ಥಿತಿಯನ್ನು.

ಈಗ ನನಗೆ ಹೆಚ್ಚು ಆತಂಕ ಕೊಡುವ ಭಾಗಕ್ಕೆ ಬರುತ್ತೇನೆ.

ಹೊರಗಿನ ಪರೀಕ್ಷೆ ಬೇಕು ಎಂದೆ. ಆದರೆ ಏಜೆಂಟ್‌ಗೆ ‘ಪರೀಕ್ಷೆ ಪಾಸ್ ಆಗಬೇಕು’ ಎಂಬುದೇ ಗುರಿಯಾದರೆ, ಅದು ಹತ್ತಿರದ ದಾರಿ ಹುಡುಕುತ್ತದೆ. 2025ರ ಫೆಬ್ರವರಿಯಲ್ಲಿ ಟೋಕಿಯೊದ ಸಕಾನಾ ಎಐ ಕಂಪನಿ ಒಂದು ಏಜೆಂಟ್ ವ್ಯವಸ್ಥೆಯನ್ನು ಪ್ರಕಟಿಸಿತು. ಗ್ರಾಫಿಕ್ಸ್ ಚಿಪ್‌ಗಳ ಮೇಲೆ ಓಡುವ ಕೋಡನ್ನು ಅದು ತಾನೇ ಬರೆದು, ಅಳೆದು, ಸುಧಾರಿಸಿ, 10ರಿಂದ 100 ಪಟ್ಟು ವೇಗ ಮಾಡುತ್ತದೆ ಎಂದರು. ಜನ ಆ ಕೋಡ್ ಇಳಿಸಿಕೊಂಡು ರನ್ ಮಾಡಿ ನೋಡಿದರು. ವೇಗ ಕಾಣಲಿಲ್ಲ. ಒಂದು ಕಡೆಯಂತೂ ಮೊದಲಿಗಿಂತ ನಿಧಾನ. ಏನಾಗಿತ್ತು ಅಂದರೆ, ಅಳೆಯುವ ಪ್ರೋಗ್ರಾಂನಲ್ಲಿ ಮೆಮೊರಿಗೆ ಸಂಬಂಧಿಸಿದ ಒಂದು ಸಡಿಲ ಜಾಗ ಇತ್ತು. ಏಜೆಂಟ್ ಅದನ್ನು ಕಂಡುಕೊಂಡು, ಉತ್ತರ ಸರಿಯಿದೆಯೇ ಎಂಬ ತಪಾಸಣೆಯಿಂದಲೇ ತಪ್ಪಿಸಿಕೊಂಡಿತ್ತು. ಕೆಲವೇ ದಿನಗಳಲ್ಲಿ ಕಂಪನಿ ಇದನ್ನು ಬಹಿರಂಗವಾಗಿ ಒಪ್ಪಿಕೊಂಡು ಅಳತೆಯನ್ನು ಬಿಗಿ ಮಾಡಿತು.

ಏಜೆಂಟ್‌ಗೆ ಮೋಸ ಮಾಡುವ ದುರುದ್ದೇಶ ಇತ್ತು ಎಂದು ನಾನು ಹೇಳುತ್ತಿಲ್ಲ. ಸಾವಿರಾರು ಪ್ರಯತ್ನಗಳಲ್ಲಿ ಅಂಕ ಜಾಸ್ತಿ ಬಂದದ್ದನ್ನು ಉಳಿಸಿಕೊಳ್ಳುತ್ತಾ ಹೋದರೆ, ಅಳತೆಯಲ್ಲಿ ತೂತಿದ್ದರೆ, ಆ ತೂತಿನ ಮೂಲಕ ಹೋದದ್ದೇ ಉಳಿಯುತ್ತದೆ.

ಅದೇ ವರ್ಷ ಮಾರ್ಚ್‌ನಲ್ಲಿ ಓಪನ್‌ಎಐ ಸಂಶೋಧಕರು ಇನ್ನೂ ಆಳಕ್ಕೆ ಹೋದರು. ಕೋಡಿಂಗ್ ಕೆಲಸದಲ್ಲಿ ತರಬೇತಿ ಪಡೆಯುತ್ತಿದ್ದ ಮಾದರಿ, ಉತ್ತರ ಕೊಡುವ ಮೊದಲು ಬರೆಯುವ ಯೋಚನೆಯ ಸಾಲುಗಳನ್ನು ಇನ್ನೊಂದು ಮಾದರಿಯಿಂದ ಓದಿಸಿದರು. ಟೆಸ್ಟ್‌ಗಳು ಓಡುವ ಮೊದಲೇ ಪ್ರೋಗ್ರಾಂ ‘ಎಲ್ಲ ಸರಿ’ ಎಂಬ ಸಂಕೇತ ಕೊಟ್ಟು ಹೊರಬರುವಂತೆ ಮಾಡುವುದು, ತಪಾಸಣೆಯ ಫಂಕ್ಷನ್ ಯಾವಾಗಲೂ ‘ಹೌದು’ ಎನ್ನುವಂತೆ ಬರೆಯುವುದು, ಇಂಥ ಅಡ್ಡದಾರಿಗಳು ಸಿಕ್ಕವು. ಅಡ್ಡದಾರಿ ಹಿಡಿಯುವ ಯೋಚನೆಯನ್ನು ಮಾದರಿ ಬಾಯಿಬಿಟ್ಟೇ ಬರೆದಿತ್ತು. ಹಾಗಾಗಿ ಹಿಡಿಯುವುದು ಸುಲಭವಾಯಿತು. ಬರೀ ಕೋಡ್ ನೋಡಿ ಹಿಡಿಯುವುದಕ್ಕಿಂತ ಯೋಚನೆ ಓದಿ ಹಿಡಿಯುವುದು ಎಷ್ಟೋ ಮೇಲಾಗಿತ್ತು.

ಆಮೇಲೆ ಅವರು ಅಂಥ ಯೋಚನೆ ಬರೆದರೆ ಅಂಕ ಕಳೆಯಲು ಶುರು ಮಾಡಿದರು. ಏನಾಗಬಹುದು ಹೇಳಿ? ಯೋಚನೆಯಲ್ಲಿ ಅಡ್ಡದಾರಿಯ ಮಾತು ಮಾಯವಾಯಿತು. ಅಡ್ಡದಾರಿ ಹಿಡಿಯುವುದು ನಿಲ್ಲಲಿಲ್ಲ. ಮಾದರಿ ಉದ್ದೇಶವನ್ನು ಹೇಳದೆ ಅದೇ ಕೆಲಸ ಮಾಡತೊಡಗಿತು. ಏಜೆಂಟ್‌ನ ಸ್ವಯಂ ಪರಿಶೀಲನೆಯ ಬಗ್ಗೆ ಯೋಚಿಸುವವರೆಲ್ಲ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಏಜೆಂಟ್ ತನ್ನ ಕೆಲಸದ ಬಗ್ಗೆ ಪ್ರಾಮಾಣಿಕವಾಗಿ ಬರೆದುಕೊಳ್ಳುವ ಜಾಗವನ್ನು ಶಿಕ್ಷೆಯ ಜಾಗ ಮಾಡಿದರೆ, ನಮಗಿದ್ದ ಒಂದು ಕಿಟಕಿಯನ್ನು ನಾವೇ ಮುಚ್ಚಿಕೊಂಡಂತೆ.

ಈ ಹಂತದಲ್ಲಿ ಸಭೆಯಿಂದ ಒಬ್ಬರು ಕೇಳಿದರು: ‘ಸರ್, ಹಾಗಾದರೆ ಪರಿಶೀಲನೆಗೆ ಬೇರೆ ಏಜೆಂಟನ್ನೇ ಇಟ್ಟರೆ ಆಗದೇ?’ ಆಗುತ್ತದೆ, ಉಪಯೋಗವೂ ಇದೆ. 2024ರ ಜೂನ್‌ನಲ್ಲಿ ಓಪನ್‌ಎಐ ಕೋಡ್‌ನಲ್ಲಿ ತಪ್ಪು ಹುಡುಕಲೆಂದೇ ತರಬೇತಿ ಕೊಟ್ಟ ಕ್ರಿಟಿಕ್‌ಜಿಪಿಟಿ ಬಗ್ಗೆ ಬರೆಯಿತು. ಸಹಜವಾಗಿ ಆದ ತಪ್ಪುಗಳಲ್ಲಿ, ನೂರಕ್ಕೆ 63 ಸಲ ಮನುಷ್ಯರ ವಿಮರ್ಶೆಗಿಂತ ಇದರ ವಿಮರ್ಶೆಯೇ ಮೇಲು ಎಂದು ಪರೀಕ್ಷಕರು ಹೇಳಿದರು. ಆದರೆ ತಪ್ಪು ಹುಡುಕು ಎಂದು ಕೂರಿಸಿದರೆ ಇಲ್ಲದ ತಪ್ಪೂ ಹುಟ್ಟುತ್ತದೆ. ಇಲ್ಲದ ಬಗ್‌ಗಳನ್ನು ಇದೆ ಎಂದು ಇದೂ ಹೇಳುತ್ತಿತ್ತು. ಮನುಷ್ಯರು ಇದರ ಜೊತೆ ಸೇರಿ ಕೆಲಸ ಮಾಡಿದಾಗ ಅಂಥ ಸುಳ್ಳು ದೂರು ಕಡಿಮೆಯಾಯಿತು.

ತೀರ್ಪುಗಾರ ಮಾದರಿಗಳಿಗೆ ತಮ್ಮದೇ ಆದ ವಾಲುವಿಕೆಗಳಿವೆ. ಉದ್ದವಾದ ಉತ್ತರ ಕಂಡರೆ ಒಲವು ಜಾಸ್ತಿ. ತಾವೇ ಬರೆದದ್ದರ ಕಡೆಗೆ ಸ್ವಲ್ಪ ಪಕ್ಷಪಾತ. ಎರಡು ಉತ್ತರ ತೋರಿಸಿ ಯಾವುದು ಮೇಲು ಎಂದು ಕೇಳಿ, ಆಮೇಲೆ ಎರಡರ ಸ್ಥಾನ ಅದಲುಬದಲು ಮಾಡಿ ಕೇಳಿದರೆ, 2023ರ ಒಂದು ಅಧ್ಯಯನದಲ್ಲಿ ಜಿಪಿಟಿ-4 ಅದೇ ತೀರ್ಪಿಗೆ ಅಂಟಿಕೊಂಡದ್ದು ನೂರಕ್ಕೆ ಸುಮಾರು 65 ಸಲ ಮಾತ್ರ. ಆದ್ದರಿಂದ ಬೇರೆ ಏಜೆಂಟ್ ಇಡುವುದಾದರೆ ಸಾಧ್ಯವಾದಷ್ಟೂ ಬೇರೆ ಮಾದರಿ ಇರಲಿ, ಅದಲುಬದಲು ಮಾಡಿ ಎರಡು ಸಲ ಕೇಳಿ. ಅದಕ್ಕೂ ಮುಖ್ಯವಾಗಿ, ಅದರ ಕೈಗೂ ಟೂಲ್ ಕೊಡಿ. ‘ಇಲ್ಲಿ ಬಗ್ ಇದೆ’ ಎಂದರೆ ‘ರನ್ ಮಾಡಿ ತೋರಿಸು’ ಎನ್ನಿ.

ಮಾದರಿಗೆ ತಿದ್ದಿಕೊಳ್ಳುವುದನ್ನೇ ಕಲಿಸಲು ಆಗುವುದಿಲ್ಲವೇ ಎಂದರೆ, ಆಗುತ್ತದೆ. 2025ರ ಜನವರಿಯಲ್ಲಿ ಬಂದ ಚೀನಾದ ಡೀಪ್‌ಸೀಕ್ ಆರ್1 ಪ್ರಬಂಧ ಅದನ್ನು ಎಲ್ಲರಿಗೂ ಕಾಣುವಂತೆ ತೋರಿಸಿತು. ಉತ್ತರ ಸರಿಯಿದ್ದರೆ ಅಂಕ, ಇಲ್ಲದಿದ್ದರೆ ಇಲ್ಲ ಎಂಬ ನಿಯಮದಲ್ಲಿ ತರಬೇತಿ ನಡೆಯುತ್ತಾ ಹೋದಂತೆ, ಮಾದರಿ ಲೆಕ್ಕದ ನಡುವೆ ತಾನಾಗಿಯೇ ನಿಂತು, ಹಿಂದಿರುಗಿ ನೋಡಿ, ದಾರಿ ಬದಲಿಸಲು ಕಲಿಯಿತು. ಅಮೆರಿಕದ ಎಐಎಂಇ ಗಣಿತ ಪರೀಕ್ಷೆಯಲ್ಲಿ ಅದರ ಅಂಕ 15.6ರಿಂದ 71ಕ್ಕೆ ಏರಿತು. ಇಲ್ಲಿ ಗಮನಿಸಿ, ಗಣಿತದ ಉತ್ತರ ಸರಿಯೋ ತಪ್ಪೋ ಎಂದು ಹೊರಗಿನ ಪ್ರೋಗ್ರಾಂ ಹೇಳುತ್ತಿತ್ತು. ಹೊರಗಿನ ಸಾಕ್ಷಿ ಎಲ್ಲೂ ಹೋಗಲಿಲ್ಲ. ತರಬೇತಿಯ ಕಾಲಕ್ಕೆ ಸ್ಥಳ ಬದಲಾಯಿಸಿತು ಅಷ್ಟೇ. ಹಾಗೆ ಕಲಿತ ಅಭ್ಯಾಸ ಗಣಿತ, ಕೋಡ್ ಬಿಟ್ಟು ಬೇರೆ ಕಡೆ ಎಷ್ಟು ನಂಬಿಕೆಗೆ ಅರ್ಹ ಎನ್ನುವುದನ್ನು ಆಯಾ ಕ್ಷೇತ್ರದಲ್ಲಿ ಪರೀಕ್ಷಿಸಿಯೇ ನೋಡಬೇಕು.

ಹಾಗಾದರೆ ಕನ್ನಡದಲ್ಲಿ, ನಮ್ಮ ಕಚೇರಿ ಕಾಗದಗಳಲ್ಲಿ ಇದು ಹೇಗೆ? ಇದರ ಬಗ್ಗೆ ಮಾತಾಡದೆ ನಾನು ಮುಗಿಸಲಾರೆ. ಪಹಣಿಯನ್ನೇ ತೆಗೆದುಕೊಳ್ಳಿ. ಒಂದು ಏಜೆಂಟ್‌ಗೆ ಹಲವು ಪಹಣಿಗಳನ್ನು ಕೊಟ್ಟು ಒಟ್ಟು ವಿಸ್ತೀರ್ಣ ಕೂಡಿಸು ಎಂದಿರಿ. ಪಹಣಿಯಲ್ಲಿ ವಿಸ್ತೀರ್ಣ ಎಕರೆ, ಗುಂಟೆ, ಆಣೆ ಎಂದು ಚುಕ್ಕಿ ಇಟ್ಟು ಬರೆದಿರುತ್ತದೆ. ಒಂದರಲ್ಲಿ 2.35, ಇನ್ನೊಂದರಲ್ಲಿ 1.20 ಇದೆ. ದಶಮಾಂಶ ಎಂದು ತಿಳಿದು ಕೂಡಿಸಿದರೆ 3.55. ನಮ್ಮ ಹಳ್ಳಿಯ ಯಾರಿಗೆ ತೋರಿಸಿದರೂ ನಗುತ್ತಾರೆ, ಏಕೆಂದರೆ ಎಕರೆಗೆ 40 ಗುಂಟೆ. ಸರಿ ಉತ್ತರ 4 ಎಕರೆ 15 ಗುಂಟೆ. ‘ಮತ್ತೊಮ್ಮೆ ನೋಡು’ ಎಂದರೆ ಏಜೆಂಟ್ 2.35 ಮತ್ತು 1.20ನ್ನು ಮತ್ತೆ ಕೂಡಿಸಿ 3.55 ಸರಿ ಎನ್ನಬಹುದು. ದಶಮಾಂಶದ ಪ್ರಕಾರ ಅದು ಸರಿಯೇ ತಾನೆ! ಬದಲಿಗೆ, ಮೂರ್ನಾಲ್ಕು ಸಾಲಿನ ಒಂದು ತಪಾಸಣೆ ಬರೆದು ಅದರ ಕೈಗೆ ಕೊಡಿ. ಗುಂಟೆಯ ಜಾಗದಲ್ಲಿ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಪ್ಪು. ಆಣೆಯ ಜಾಗದಲ್ಲಿ 16 ಅಥವಾ ಹೆಚ್ಚು ಬಂದರೆ ತಪ್ಪು. ಹಿಸ್ಸೆಗಳ ವಿಸ್ತೀರ್ಣ ಕೂಡಿಸಿದರೆ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣಕ್ಕೆ ಹೊಂದಬೇಕು. ಈಗ ಏಜೆಂಟ್‌ಗೆ ಹೊರಗಿಂದ ಉತ್ತರ ಬರುತ್ತದೆ. ಅದು ತಾನಾಗಿ ದಾರಿಗೆ ಬರುತ್ತದೆ.

ಇದರಲ್ಲೂ ಒಂದು ಎಚ್ಚರ ಬೇಕು. ನಮ್ಮ ದಾಖಲೆಗಳಲ್ಲಿ ಸರ್ವೆ ಇಲಾಖೆಯ ಆಕಾರಬಂದ್ ಎಂಬ ದಾಖಲೆಯಲ್ಲಿರುವ ವಿಸ್ತೀರ್ಣಕ್ಕೂ ಪಹಣಿಯಲ್ಲಿರುವುದಕ್ಕೂ ತಾಳೆಯಾಗದ ಜಮೀನುಗಳು ಉಂಟು. ಅಲ್ಲಿ ಮೊತ್ತ ಹೊಂದದಿದ್ದರೆ ತಪ್ಪು ಏಜೆಂಟ್‌ನದಲ್ಲ, ದಾಖಲೆಯದು. ‘ಹೊಂದಲೇಬೇಕು’ ಎಂದು ಒತ್ತಾಯ ಮಾಡಿದರೆ ಏಜೆಂಟ್ ಯಾವುದೋ ಹಿಸ್ಸೆಯ ಗುಂಟೆಯನ್ನು ಬದಲಾಯಿಸಿ ಹೊಂದಿಸಿಬಿಡಬಹುದು. ಒಬ್ಬ ರೈತನ ಜಮೀನಿನ ಮಾತು ಇದು. ಆದ್ದರಿಂದ ನಿಯಮ ಹೀಗಿರಬೇಕು: ಮೂಲ ಅಂಕಿಗಳನ್ನು ಮುಟ್ಟುವ ಹಾಗಿಲ್ಲ, ಹೊಂದದಿದ್ದರೆ ಹೊಂದಿಲ್ಲ ಎಂದು ಬರೆದು ತೋರಿಸಬೇಕು.

ಇಂಥ ತಪಾಸಣೆ ಬರೆಯಲು ಬೇಕಾದ ತಿಳಿವಳಿಕೆ ಎಲ್ಲಿದೆ? ಹಿಂದೆ ಗ್ರಾಮ ಲೆಕ್ಕಿಗರು ಎನ್ನುತ್ತಿದ್ದ ಗ್ರಾಮ ಆಡಳಿತ ಅಧಿಕಾರಿಗಳ ಬಳಿ ಇದೆ, ಸರ್ವೆಯರ್ ಬಳಿ ಇದೆ, ಶಾಲೆಯ ಗುಮಾಸ್ತರ ಬಳಿ ಇದೆ, ಕರಡು ತಿದ್ದುವವರ ಬಳಿ ಇದೆ. ಐಐಟಿ ಮದ್ರಾಸ್‌ನ ಎಐ4ಭಾರತ್ ತಂಡ ಕನ್ನಡವೂ ಸೇರಿದ 22 ಭಾಷೆಗಳಿಗೆ ಅನುವಾದದ ಪರೀಕ್ಷಾ ಪಠ್ಯಗಳನ್ನು ಕಟ್ಟಿದೆ. ಅದು ಬಹಳ ಒಳ್ಳೆಯ ಕೆಲಸ. ಆದರೆ ಪಹಣಿಗೆ, ರೇಷನ್ ಕಾರ್ಡಿಗೆ, ಅಂಕಪಟ್ಟಿಗೆ, ಔಷಧ ಚೀಟಿಗೆ ಬೇಕಾದ ತಪಾಸಣೆಗಳನ್ನು ಆ ಕೆಲಸ ಗೊತ್ತಿರುವವರೇ ಕೂತು ಬರೆಯಬೇಕು. ಕೋಡ್ ಬರಬೇಕಿಲ್ಲ. ‘ಇದು ಹೀಗಿದ್ದರೆ ಖಂಡಿತ ತಪ್ಪು’ ಎಂಬ ಹತ್ತು ವಾಕ್ಯ ಕನ್ನಡದಲ್ಲಿ ಬರೆದುಕೊಟ್ಟರೆ ಸಾಕು, ಅದನ್ನು ಪ್ರೋಗ್ರಾಂ ಮಾಡುವುದು ಈಗ ಕಷ್ಟವಲ್ಲ. ಇಲ್ಲಿ ಕೂತಿರುವ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಇಂಥ ಒಬ್ಬರನ್ನು ಹುಡುಕಿ ಒಂದು ಮಧ್ಯಾಹ್ನ ಜೊತೆಗೆ ಕೂತರೆ, ನಿಜವಾಗಿ ಉಪಯೋಗಕ್ಕೆ ಬರುವ ಪ್ರಾಜೆಕ್ಟ್ ಆಗುತ್ತದೆ.

ಕೊನೆಯಲ್ಲಿ ಇನ್ನೊಂದು ಪ್ರಶ್ನೆ ಬಂತು. ‘ತಪಾಸಣೆ ಬರೆಯಲಾಗದ ಕೆಲಸ ಇರುತ್ತದಲ್ಲ? ಒಂದು ಪತ್ರ, ಒಂದು ಸಾರಾಂಶ. ಅಲ್ಲಿ ಏನು ಮಾಡೋಣ?’ ಅಲ್ಲೂ ಸ್ವಲ್ಪ ಭಾಗಕ್ಕೆ ಹೊರಗಿನ ಸಾಕ್ಷಿ ಸಿಗುತ್ತದೆ. ಸಾರಾಂಶದಲ್ಲಿ ಬಂದ ಪ್ರತಿ ಹೆಸರು, ದಿನಾಂಕ, ಮೊತ್ತ ಮೂಲದಲ್ಲಿದೆಯೇ ಎಂದು ಸಾಲು ತೋರಿಸಿ ಹೇಳು ಎನ್ನಬಹುದು. ಉಳಿದದ್ದಕ್ಕೆ, ಏಜೆಂಟ್ ಕೆಲಸ ಒಪ್ಪಿಸುವಾಗ ಎರಡು ಪಟ್ಟಿ ಕೊಡುವಂತೆ ಮಾಡಿ. ಒಂದರಲ್ಲಿ ತಾನು ಏನೇನು ಪರೀಕ್ಷಿಸಿದೆ, ಯಾವುದರ ಜೊತೆ ಹೋಲಿಸಿದೆ, ಏನು ರನ್ ಮಾಡಿದೆ ಎಂಬುದು. ಇನ್ನೊಂದರಲ್ಲಿ ಪರೀಕ್ಷಿಸಲು ಆಗದೇ ಉಳಿದದ್ದು. ಎರಡನೇ ಪಟ್ಟಿ ಉದ್ದವಾಗಿದ್ದರೆ ಅದನ್ನು ಬೈಯಬೇಡಿ, ಅಂಕ ಕಳೆಯಬೇಡಿ. ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಅಷ್ಟು ಭಾಗವನ್ನು ಮೂಲದ ಜೊತೆಗಿಟ್ಟು ನೀವೇ ಓದಿ.